ಎತ್ತಿಕೊಳ್ಳದ ಅಳು

ನಮ್ಮೂರಲ್ಲಿ ಬಾಡಿಗೆ ಮನೆ ನೋಡಲು ಹೋದವರು ನೀರು ಬರುತ್ತದಾ ಎಂದು ಕೇಳುವ ಮೊದಲು, ಒಳಗೆ ಅಳು ಏನಾದರೂ ಇದೆಯಾ ಎಂದು ಕೇಳುತ್ತಾರೆ. ಮಗು ಅತ್ತಾಗ ಯಾರೂ ಬಂದು ಎತ್ತಿಕೊಳ್ಳದಿದ್ದರೆ ಆ ಅಳು ಅತ್ತ ಜಾಗದಲ್ಲೇ ಉಳಿದುಬಿಡುತ್ತದೆ. ಮಗು ಸುಸ್ತಾಗಿ ನಿದ್ದೆ ಹೋದರೂ, ಎದ್ದು ಮನೆಗೆ ಹೋದರೂ, ಅಳು ಮಾತ್ರ ಅದೇ ಮೂಲೆಯಲ್ಲಿ ಅಳುತ್ತಲೇ ಇರುತ್ತದೆ. ಮಗು ಅಳುತ್ತಿರುವಾಗಲೇ ಆದರೆ ಯಾರು ಎತ್ತಿಕೊಂಡರೂ ಆಗುತ್ತದೆ. ಉಳಿದುಹೋದ ಮೇಲೆ ಹೆತ್ತವಳ ಕೈಗೆ ಮಾತ್ರ ಬರುತ್ತದೆ. ಅವಳು ಎತ್ತಿ, ಎದೆಗೆ ಒತ್ತಿಕೊಂಡು, ನಾಲ್ಕು ಸಲ ತಟ್ಟಿದರೆ ನಿಲ್ಲುತ್ತದೆ, ಮಗುವಿಗೆ ವಾಪಸ್ಸು ಹೋಗುತ್ತದೆ. ಅದಕ್ಕೇ ಇಲ್ಲಿನ ಹೆಂಗಸರು ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಬಿಟ್ಟು ಮಗುವಿನ ಕಡೆ ಓಡುತ್ತಾರೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹಳೆಯ ಅಳು ಇದೆ. ಎತ್ತಿಕೊಳ್ಳಬೇಕಾದವಳು ಈಗ ಬದುಕಿಲ್ಲ. ಅದರ ಪಕ್ಕದಲ್ಲೇ ಎಳನೀರಿನವನು ಕಾಯಿ ಕೊಚ್ಚುತ್ತಾ, "ಗಂಜಿ ಇರೋದಾ, ಬರೀ ನೀರಾ?" ಎಂದು ಸ್ವಲ್ಪ ದನಿ ಎತ್ತಿ ಕೇಳುತ್ತಾನೆ, ಅಷ್ಟೆ. ಊರಿಗೆ ಅಭ್ಯಾಸವಾಗಿದೆ.

ನನ್ನ ಮಗಳು ಜಾಹ್ನವಿಯ ಅಳು 'ಮಡಿಲು' ಶಿಶುಪಾಲನಾ ಕೇಂದ್ರದ ಹಿಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ ಉಳಿಯಿತು. ನಾನು ಊದುಬತ್ತಿ ಕಾರ್ಖಾನೆಗೆ ಹೋಗುವವಳು. ಗಂಡ ತಿಪ್ಪೇಶ ನೀರಿನ ಟ್ಯಾಂಕರ್ ಓಡಿಸುತ್ತಾರೆ. ಅತ್ತೆಗೆ ಮಂಡಿ ನೋವು, ಮೂರು ವರ್ಷದ ಮಗುವಿನ ಹಿಂದೆ ಓಡಲಾರರು. ಅದಕ್ಕೇ ಜಾನುವನ್ನು ಬೆಳಿಗ್ಗೆ 'ಮಡಿಲಿ'ಗೆ ಬಿಟ್ಟು ಸಂಜೆ ಕರೆದುಕೊಂಡು ಬರುತ್ತಿದ್ದೆ. ಆವತ್ತು ಸಂಜೆ ಹೋದಾಗ ಕೇಂದ್ರದ ಯಜಮಾನಿ ಪ್ರಫುಲ್ಲಾ ಮೇಡಂ ಜರಿ ಸೀರೆ ಉಟ್ಟು ಜಗುಲಿಯ ಮೇಲೇ ನಿಂತಿದ್ದರು. "ಗಾಬರಿ ಆಗಬೇಡ ನಾಗವೇಣಿ, ಏನೂ ಆಗಿಲ್ಲ. ಒಂಚೂರು ಹಾಲು ಚೆಲ್ಲಿಕೊಂಡಿದಾಳೆ. ಪೇಸ್ಟ್ ಹಚ್ಚಿದೀವಿ" ಎಂದರು. ಜಾನು ಚಾಪೆಯ ಮೇಲೆ ಮಲಗಿದ್ದಳು. ಅವಳ ಬಲಗೈ ಮೊಣಕೈವರೆಗೂ ಹಲ್ಲುಜ್ಜುವ ಪೇಸ್ಟಿನಿಂದ ಬೆಳ್ಳಗಾಗಿತ್ತು. ಕಣ್ಣು ತೆರೆದು ನನ್ನನ್ನು ನೋಡಿ ಬಾಯಿ ಅಗಲಿಸಿದಳು. ಕಣ್ಣೀರು ಬಂತು, ದನಿ ಬರಲಿಲ್ಲ. ದನಿ ಹಿಂದಿನ ಕೋಣೆಯಿಂದ ಬರುತ್ತಿತ್ತು.

ನಾನು ಆ ಕಡೆ ಓಡಿದೆ. ಮೇಡಂ ನನ್ನ ಹಿಂದೆಯೇ ಬಂದರು. "ಎತ್ತಿಕೊಳ್ಳಮ್ಮ, ಎತ್ತಿಕೋ. ಪಾಪ, ಎಷ್ಟೊತ್ತಿಂದ ಅಳ್ತಿದೆ ಕಂದ" ಎಂದು ಮೆತ್ತಗೆ ಹೇಳಿ ಬಾಗಿಲು ಪೂರ್ತಿ ತೆರೆದುಕೊಟ್ಟರು. ನಾನು ಎರಡೂ ಕೈ ಚಾಚಿ ಬಗ್ಗಿದೆ. ಅಷ್ಟರಲ್ಲಿ ಆಯಾ ಸಣ್ಣಮ್ಮ ನೆಲ ಒರೆಸುವ ನೆಪದಲ್ಲಿ ನನ್ನ ಕಾಲ ಬಳಿ ಕೂತು, ಬಟ್ಟೆ ಹಿಂಡುತ್ತಾ, "ಎತ್ತಬ್ಯಾಡ ಕಣವ್ವ. ಎತ್ತಿದ್ರೆ ಮುಗೀತು. ಇಲ್ಲಿ ಎಲ್ಲಾರೂ ಎತ್ಕೊಂಡೇ ಹೋದ್ರು" ಎಂದಳು. ನಾನು ಬಗ್ಗಿದವಳು ಬಗ್ಗಿದ ಹಾಗೇ ನಿಂತುಬಿಟ್ಟೆ. ಎಷ್ಟು ಚೊಕ್ಕ ಕೋಣೆ ಅದು! ಗೋಡೆಗೆ ಚಿಟ್ಟೆಯ ಚಿತ್ರ, ಮೂಲೆಯಲ್ಲಿ ಮರದ ಕುದುರೆ. ಇಷ್ಟು ವರ್ಷ ನಡೆಯುತ್ತಿದ್ದರೂ ಒಂದೇ ಒಂದು ಅಳು ಇಲ್ಲ ಎಂದೇ ನಾವೆಲ್ಲ 'ಮಡಿಲಿ'ಗೆ ಮಕ್ಕಳನ್ನು ಬಿಡುತ್ತಿದ್ದದ್ದು. ಯಾಕೆ ಇಲ್ಲ ಎಂದು ನನಗೆ ಆಗ ಗೊತ್ತಾಯಿತು. ನಮ್ಮಂಥ ತಾಯಂದಿರ ಕೈಯಲ್ಲೇ ಈ ಹೆಂಗಸು ಕಸ ತೆಗೆಸಿಕೊಂಡಿದ್ದಾಳೆ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಹೇಗೆ ತೆಗೆದುಕೊಂಡೆನೋ ನನಗೇ ಗೊತ್ತಿಲ್ಲ. ಜಾನುವನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಅಳು ಅಲ್ಲೇ ಉಳಿಯಿತು.

ನಡೆದದ್ದು ಇಷ್ಟು. ಮಧ್ಯಾಹ್ನ ಸಣ್ಣಮ್ಮ ಎಂದಿನಂತೆ ಹಾಲು ಕಾಯಿಸಿ, ಆರಲಿ ಎಂದು ಪಾತ್ರೆಯನ್ನು ಹಿಂದಿನ ಕೋಣೆಯ ಕಿಟಕಿಯ ಕೆಳಗೆ ಇಟ್ಟಿದ್ದಳು. ಮಾಳಿಗೆಯ ಮೇಲೆ ಮೇಡಂ ಮನೆಯಲ್ಲಿ ಅವರ ತಂಗಿ ಮಗುವಿನ ನಾಮಕರಣ. ಬಡಿಸಲು ಬಾ ಎಂದು ಸಣ್ಣಮ್ಮನನ್ನು ಮೇಲೆ ಕಳಿಸಿದರು. ಉಳಿದ ಮಕ್ಕಳು ಮುಂದಿನ ಕೋಣೆಯಲ್ಲಿ ಮಲಗಿದ್ದವು. ಜಾನು ಮಾತ್ರ ಮಲಗಿರಲಿಲ್ಲ, ಬೇರೆ ಮಕ್ಕಳನ್ನು ಎಬ್ಬಿಸುತ್ತಾಳೆ ಎಂದು ಮೇಡಂ ತಾವೇ ಅವಳನ್ನು ಹಿಂದಿನ ಕೋಣೆಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ, ಮೇಲೆ ಹೋಗಿ ಊಟಕ್ಕೆ ಕೂತರು. ಮೇಲೆ ಸ್ಪೀಕರಿನಲ್ಲಿ ಹಾಡು. ಎಲ್ಲರೂ ಎಲೆ ಎತ್ತಿ ಕೈ ತೊಳೆದು ಕೆಳಗೆ ಬರುವಷ್ಟರಲ್ಲಿ ನನ್ನ ಮಗಳು ಅತ್ತೂ ಅತ್ತೂ ನಿದ್ದೆ ಹೋಗಿದ್ದಳು.

ಸುಟ್ಟ ಗಾಯ ಮಾಯಿತು. ಆದರೆ ಮೂರು ಬೆರಳುಗಳು ಅಂಗೈ ಕಡೆಗೆ ಬಾಗಿ, ಒಂದಕ್ಕೊಂದು ಅಂಟಿಕೊಂಡವು. ಚರ್ಮ ದಿನೇ ದಿನೇ ಬಿಗಿಯಾಗುತ್ತಾ ಹೋಗುತ್ತದೆ, ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಬಿಡಿಸಬೇಕು, ತಡ ಮಾಡಿದರೆ ಬೆರಳು ಹಾಗೇ ನಿಂತುಬಿಡುತ್ತವೆ ಎಂದರು ಡಾಕ್ಟರು. ಅದು ನಮ್ಮ ಕೈಲಿ ಆಗುವ ಮಾತಾಗಿರಲಿಲ್ಲ. ಮಾಡಿದವರು ಮಾಡಿಸಿಕೊಡಬೇಕು. ಅದಕ್ಕೇ ಲಾಯರ್ ಹನುಮಕ್ಕನವರ ಹತ್ತಿರ ಹೋದೆ. ಅವರು ವೀಳ್ಯದೆಲೆ ಮಡಚುತ್ತಾ, "ಒಂದು ವಿಷಯ ತಿಳ್ಕೋ. ಎತ್ತಿಕೊಂಡ ಅಳುವಿಗೆ ನಮ್ಮ ಕೋರ್ಟಿನಲ್ಲಿ ಪರಿಹಾರ ಇಲ್ಲ. ಮಗು ಸಮಾಧಾನ ಆಗಿದೆಯಲ್ಲ, ಇನ್ನೇನು ನಷ್ಟ ಅಂತಾರೆ. ಜಡ್ಜು ಬಂದು ತಮ್ಮ ಕಿವಿಯಾರೆ ಕೇಳೋತನಕ ಅದು ಅಲ್ಲೇ ಇರಬೇಕು. ನಿನ್ನ ಕೈಲಾಗುತ್ತಾ?" ಎಂದರು. ಆಗುತ್ತೆ ಎಂದೆ. "ಎಲ್ಲರೂ ಹಾಗೇ ಅಂತಾರೆ" ಎಂದು ಎಲೆ ಬಾಯಿಗೆ ಹಾಕಿಕೊಂಡರು.

ಅಳು ಉಳಿದುಹೋದ ಮಗು ಮನೆಯಲ್ಲಿ ಹೇಗಿರುತ್ತದೆ ಎಂದು ಈ ಕಾನೂನು ಬರೆದವರಿಗೆ ಗೊತ್ತಿಲ್ಲ. ಜಾನು ನಗುತ್ತಿದ್ದಳು, ಮಾತಾಡುತ್ತಿದ್ದಳು, ಆದರೆ ನೋವಾದರೆ ದನಿಯೇ ಇಲ್ಲ. ಒಂದು ದಿನ ನಾನು ಹಿಟ್ಟು ಕಲೆಸುತ್ತಿದ್ದೆ. ಅವಳು ಹಿತ್ತಲ ಮೆಟ್ಟಿಲಿಂದ ಬಿದ್ದು, ಹಣೆ ಒಡೆದುಕೊಂಡು, ಬಾಯಿ ತೆರೆದು ಕೂತಿದ್ದಳು. ಪಕ್ಕದ ಮನೆಯವರು ಕೂಗಿ ಹೇಳುವವರೆಗೆ ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಅವಳ ಎಡಗೈಗೆ ಒಂದು ಗೆಜ್ಜೆ ಕಟ್ಟಿದೆ. ನೋವಾದರೆ ಅಲ್ಲಾಡಿಸು ಎಂದು ಕಲಿಸಿದೆ. ಕೈಯ ಪಟ್ಟಿ ಬದಲಾಯಿಸುವಾಗ ಗೆಜ್ಜೆ ಒಂದೇ ಸಮನೆ ಝಲ್ ಝಲ್ ಎನ್ನುತ್ತಿತ್ತು. ಅತ್ತೆ ಕಿವಿ ಮುಚ್ಚಿಕೊಂಡು, "ನಿನ್ನದೇನು ಎದೆಯೇನೇ, ರುಬ್ಬುಗುಂಡೇನೇ? ಹೋಗಿ ಎತ್ಕೊಂಡು ಬಾರೇ ಅದನ್ನ! ಬೆರಳು ಹೋದರೆ ಹೋಗಲಿ, ಮಗು ಅಳಲಿ!" ಎನ್ನುತ್ತಿದ್ದರು. ಗಂಡನ ಟ್ಯಾಂಕರ್ ಹೋಗುವ ದಾರಿ 'ಮಡಿಲಿ'ನ ಮುಂದೆಯೇ. ಅಲ್ಲಿಗೆ ಬಂದಾಗ ಮೂಲೆ ತಿರುಗುವವರೆಗೂ ಹಾರನ್ನಿನ ಮೇಲಿಂದ ಕೈ ತೆಗೆಯುವುದೇ ಇಲ್ಲ ಎಂದು ಬೇರೆ ಡ್ರೈವರುಗಳಿಂದ ನನಗೆ ಗೊತ್ತಾಯಿತು. ಮನೆಯಲ್ಲಿ ಕೇಳಿದರೆ, "ಆ ರೋಡಲ್ಲಿ ದನ ಜಾಸ್ತಿ" ಎಂದರು.

ಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ. ಒಂದು ಸಲ ಮೇಡಂ ಕಡೆಯ ವಕೀಲರಿಗೆ ಜ್ವರ. ಇನ್ನೊಂದು ಸಲ ಜಡ್ಜು ರಜೆ. ಮತ್ತೊಂದು ಸಲ ವಿಳಾಸ ಸಿಗದೆ ನೋಟಿಸು ವಾಪಸ್ಸು ಬಂದಿದೆ ಎಂದರು. 'ಮಡಿಲು' ಕೋರ್ಟಿನ ಎದುರಿಗೇ ಇದೆ. ಕೋರ್ಟಿನ ಗೇಟಿನಲ್ಲಿ ನಿಂತರೆ ಅದರ ಬೋರ್ಡು ಓದಬಹುದು. "ಅವರ ಲಾಯರು ಸುಮ್ಮನೆ ಕೂತಿದ್ದರೂ ಸಾಕು. ನಿನ್ನ ಕರುಳೇ ಅವರ ಪರವಾಗಿ ವಾದ ಮಾಡ್ತಾ ಇರುತ್ತೆ. ಅದಕ್ಕೇ ಎಳೀತಿದಾರೆ" ಎಂದರು ಹನುಮಕ್ಕ.

ಕೆಲಸ ಮುಗಿಸಿ ಬರುವಾಗ ನಾನು ದಿನಾ ಆ ಕಿಟಕಿಯ ಹೊರಗೆ ನಿಲ್ಲುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ. ಪ್ರಫುಲ್ಲಾ ಮೇಡಂ ಏನು ಮಾಡಿದ್ದರು ಗೊತ್ತೇ? ಆ ಕೋಣೆಯಲ್ಲಿ, ಅಳುವಿನ ಪಕ್ಕದಲ್ಲಿ, ನನಗೆಂದು ಒಂದು ಕುರ್ಚಿ ಹಾಕಿಸಿದ್ದರು. ಅದರ ಮೇಲೆ ದಿಂಬು. "ಯಾವಾಗ ಬೇಕಾದರೂ ಬಾ, ನಾಗವೇಣಿ. ನಿನ್ನ ಮನೆ ಅಂದ್ಕೋ. ಫ್ಯಾನ್ ಹಾಕಿಕೊಡ್ತೀನಿ" ಎನ್ನುತ್ತಿದ್ದರು. ಮಗು ಸೇರಿಸಲು ಬಂದವರು ಅದೇನು ಅಳು ಎಂದು ಕೇಳಿದರೆ ಅವರು ಕೊಡುತ್ತಿದ್ದ ಉತ್ತರವನ್ನು ನಾನು ಕಿಟಕಿಯ ಹೊರಗೆ ನಿಂತು ಕಿವಿಯಾರೆ ಕೇಳಿದ್ದೇನೆ. "ಏನು ಹೇಳೋದು? ಒಬ್ಬಳು ತಾಯಿ ಬಿಟ್ಟು ಹೋಗಿರೋದು. ಎಷ್ಟು ಕರೆದರೂ ಎತ್ತಿಕೊಳ್ಳೋಕೆ ಬರ್ತಾ ಇಲ್ಲ. ಇಂಥವರೂ ಇರ್ತಾರೆ." ಆ ದಂಪತಿ ಲೊಚಗುಟ್ಟಿದರು. ನಾನು ಮನೆಗೆ ಬಂದು, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದೆ. ಒಂದು ಲೋಟ ಸೊಟ್ಟಗಾಯಿತು.

ಕಡೆಗೂ ಜಡ್ಜು ಸ್ಥಳ ನೋಡಲು ಬಂದರು. ಜೊತೆಗೆ ಗುಮಾಸ್ತ, ಎರಡೂ ಕಡೆಯ ವಕೀಲರು. ಕೇಳುವುದು ಮುಗಿಯುವವರೆಗೆ ತಾಯಿ ಹೊಸಿಲ ಈಚೆ ನಿಲ್ಲಬೇಕು ಎಂದು ನಿಯಮ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಜಡ್ಜು ಅಳುವಿನ ಎದುರು ನಿಂತು, ಗಡಿಯಾರ ನೋಡಿಕೊಂಡರು. ಜಾನುವಿನ ಅಳು ಉದ್ದವಾದದ್ದು. ಮೊದಲು ಕಿರುಚಾಟ, ನಡುವೆ ಮಾತು, ಆಮೇಲೆ ಬಿಕ್ಕಳಿಕೆ, ಮತ್ತೆ ಮೊದಲಿಂದ. ಅವರು ಕಿರುಚಾಟದ ಅರ್ಧದಲ್ಲೇ ತಲೆ ಆಡಿಸಿ ಹೊರಗೆ ಬಂದರು. "ಆಯಿತು, ಕೇಳಿದ್ದೇನೆ. ಬೇಸಿಗೆ ರಜೆ ಮುಗಿದ ಮೇಲೆ ನೋಡೋಣ" ಎಂದರು. ಹನುಮಕ್ಕ, "ಸ್ವಾಮಿ, ಅಷ್ಟು ಹೊತ್ತಿಗೆ ಮಗುವಿನ ಬೆರಳು..." ಎಂದರು. "ರಜೆ ಮುಗಿದ ಮೇಲೆ" ಎಂದು ಜಡ್ಜು ಜೀಪು ಹತ್ತಿದರು. ರಸ್ತೆ ದಾಟಲು ಜೀಪು!

ಪ್ರಫುಲ್ಲಾ ಮೇಡಂ ನನ್ನ ಭುಜದ ಮೇಲೆ ಕೈ ಇಟ್ಟರು. "ಸಾಕಮ್ಮ. ಇನ್ನೆಷ್ಟು ದಿನ ಆ ಕೂಸನ್ನ ಗೋಳಾಡಿಸ್ತೀಯ? ಹೋಗು, ಎತ್ತಿಕೋ."

ನಾನು ಹೊಸಿಲು ದಾಟಿದೆ. "ಬೇಡ ನಾಗವೇಣಿ, ಬೇಡ!" ಎಂದು ಹನುಮಕ್ಕ ಹಿಂದಿನಿಂದ ಕೂಗಿದ್ದು ಕೇಳಿಸಿತು. ಮೇಡಂ ಉಸ್ಸಪ್ಪಾ ಎಂದು ಉಸಿರು ಬಿಟ್ಟದ್ದೂ ಕೇಳಿಸಿತು. ಕುರ್ಚಿಯನ್ನು ಒದ್ದು ಪಕ್ಕಕ್ಕೆ ತಳ್ಳಿದೆ. ಬಗ್ಗಿದೆ. ಎರಡೂ ಕೈಗಳನ್ನು ಅಳುವಿನ ಕೆಳಗೆ ಕೊಟ್ಟು ಎತ್ತಿದೆ.

ಅಳು ಹಗುರ. ಆದರೆ ಬಿಸಿ. ಅದು ನನ್ನ ಎದೆ ಹುಡುಕುತ್ತಾ ನನ್ನ ಕಡೆಗೆ ವಾಲಿತು. ನಾನು ಕೈಗಳನ್ನು ಮುಂದಕ್ಕೆ ಚಾಚಿ ಸೆಟೆಸಿದೆ. ಕುದಿಯುವ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಒಯ್ಯುವಾಗ ಹಿಡಿಯುತ್ತೇವಲ್ಲ, ಹಾಗೆ. ಎದೆಗೆ ತಾಗಿಸಲಿಲ್ಲ. ತಟ್ಟಲಿಲ್ಲ. ಅಳು ನಿಲ್ಲಲಿಲ್ಲ. ಕೈಯಲ್ಲಿ ಇನ್ನೂ ಜೋರಾಯಿತು. ಎತ್ತಿಕೊಂಡರು, ಆದರೂ ಎತ್ತಿಕೊಳ್ಳಲಿಲ್ಲ ಎಂದು ಅದಕ್ಕೂ ತಿಳಿಯಿತೋ ಏನೋ. ನಾನು ತಿರುಗಿ ನಡೆದೆ. ಮೇಡಂ ಮುಖದ ಮುಂದಿನಿಂದಲೇ ಅದನ್ನು ಒಯ್ದೆ. ಅವರು ಗೋಡೆಗೆ ಅಂಟಿಕೊಂಡರು. ಈ ಊರಿನಲ್ಲಿ ತಾಯಿಯೊಬ್ಬಳು ಮಗುವಿನ ಅಳುವನ್ನು ಎತ್ತಿಯೂ ತಟ್ಟದೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಯಾರ ಕೈಲೂ ಆಗಿರಲಿಲ್ಲ. ನನ್ನ ಕೈಲೂ ಆಗುತ್ತಿರಲಿಲ್ಲ, ಆ ಕುರ್ಚಿ, ಆ ದಿಂಬು ನೆನಪಾಗದೇ ಇದ್ದಿದ್ದರೆ. ರಸ್ತೆಗೆ ಇಳಿದಾಗ ಪಂಕ್ಚರ್ ಅಂಗಡಿಯವನು ಟ್ಯೂಬು ಬಿಟ್ಟು ಎದ್ದು ನಿಂತ. ಒಂದು ಬಸ್ಸು ನಿಂತಿತು. ಬಸ್ಸಿನ ಕಿಟಕಿಯಿಂದ ಒಬ್ಬಳು, "ತಟ್ಟೇ, ಪುಣ್ಯಾತಗಿತ್ತಿ, ತಟ್ಟೇ!" ಎಂದು ಕೂಗಿದಳು. ನನ್ನ ಬಲಗೈಯ ಬೆರಳುಗಳು ತಾವಾಗಿಯೇ ಎದ್ದವು. ಹಲ್ಲು ಕಚ್ಚಿ ಅವನ್ನು ಇಳಿಸಿದೆ.

ಕೋರ್ಟಿನಲ್ಲಿ ಜಡ್ಜು ಇನ್ನೂ ಒಳಕೋಣೆಯಲ್ಲಿ ಟೀ ಕುಡಿಯುತ್ತಿದ್ದರು. ನಾನು ನೇರ ಹೋಗಿ, ಅವರ ಪೀಠದ ಮುಂದಿನ ಮೇಜಿನ ಮೇಲೆ ಅಳುವನ್ನು ಇಟ್ಟು, ಹಿಂದಿನ ಬೆಂಚಿನಲ್ಲಿ ಕೂತೆ.

ಅವರು ಬಂದರು. "ಏನಿದು?" ಎಂದರು. ಏನೆಂದು ಎಲ್ಲರಿಗೂ ಕೇಳಿಸುತ್ತಿತ್ತು. ಮೊದಲು ಒಂದು ಜಮೀನಿನ ಕೇಸು ಇತ್ತು. ಸಾಕ್ಷಿ ಹೇಳಿದ್ದು ಗುಮಾಸ್ತನಿಗೆ ಕೇಳಲಿಲ್ಲ, ಗುಮಾಸ್ತ ಕೇಳಿದ್ದು ಸಾಕ್ಷಿಗೆ ಕೇಳಲಿಲ್ಲ. ಅದನ್ನು ಮುಂದಕ್ಕೆ ಹಾಕೋಣವೆಂದರೆ ಯಾವ ತಾರೀಖು ಎಂದೂ ಕೇಳಲಿಲ್ಲ. ಜವಾನ ಬಂದು ಅಳುವನ್ನು ಸರಿಸಲು ನೋಡಿದ. ಅವನ ಕೈ ಗಾಳಿಯಲ್ಲಿ ಆಡಿತು, ಅಷ್ಟೆ. ಮೇಡಂ ಕಡೆಯ ವಕೀಲರು ಎದ್ದು, "ಇವಳು ಅಳುವನ್ನು ಎತ್ತಿದ್ದಾಳೆ ಸ್ವಾಮಿ, ಎಲ್ಲರೂ ನೋಡಿದ್ದಾರೆ. ಕಾನೂನು ಪ್ರಕಾರ ಕೇಸು ಮುಗೀತು" ಎಂದು ಗಂಟಲು ಹರಿಯುವ ಹಾಗೆ ಕೂಗಿದರು.

"ಮುಗಿದಿದ್ದರೆ ಅದು ಇನ್ನೂ ಅಳ್ತಾ ಇರೋದು ಯಾಕೆ ಸ್ವಾಮಿ?" ಎಂದು ನಾನೂ ಕೂಗಿದೆ. "ನಾನು ಎತ್ತಿಕೊಂಡಿಲ್ಲ. ಜಾಗ ಬದಲಾಯಿಸಿದೀನಿ. ನೀವು ಅರ್ಧ ಕೇಳಿ ಎದ್ದು ಬಂದ್ರಿ. ಉಳಿದಿದ್ದನ್ನ ಇಲ್ಲೇ ಕೂತು ಕೇಳಿ."

ಪ್ರಫುಲ್ಲಾ ಮೇಡಂ ಓಡಿ ಬಂದಿದ್ದರು, ಸೆರಗು ಜಾರಿತ್ತು. "ತಟ್ಟೇ ಅದನ್ನ! ಒಂದು ಸಲ ತಟ್ಟಿದರೆ ಆಗೋಯ್ತು!" ಎಂದು ಕಿರುಚಿದರು. ಅವರ ದನಿ ಮೆತ್ತಗಿಲ್ಲದ್ದು ಅದೇ ಮೊದಲು.

"ನೀವು ತಟ್ಟಬೇಕಿತ್ತು ಮೇಡಂ" ಎಂದೆ. "ಆವತ್ತು ಯಾರು ತಟ್ಟಿದ್ದರೂ ಆಗ್ತಿತ್ತು."

ಜಡ್ಜು ಕನ್ನಡಕ ತೆಗೆದು ಕೂತರು. ಕಿರುಚಾಟ ಮುಗಿಯಿತು. ಮಾತು ಶುರುವಾಯಿತು. ನಾನು ದಿನಾ ಕಿಟಕಿಯ ಹೊರಗೆ ನಿಂತು ಕೇಳಿದ್ದ ಮಾತು, ಈಗ ಆ ಎತ್ತರದ ಚಾವಣಿಯ ಕೆಳಗೆ ಇನ್ನೂ ಚಿಕ್ಕದಾಗಿ ಕೇಳಿಸಿತು. "ಮೇಡಂ, ಕದ ತೆಗೀರಿ. ಕೈ ಉರಿ. ಜಾನು ಅಳಲ್ಲ. ಜಾನು ಜಾಣೆ. ಮಲಕ್ಕೊಳ್ತಾಳೆ. ನೋಡಿ, ಅಳ್ತಿಲ್ಲ. ಕದ ತೆಗೀರಿ." ಅಳುತ್ತಾ ಹೇಳಿದ್ದಳು ಅದನ್ನು, ಅಳುವುದಿಲ್ಲ ಎಂದು. ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಗೋಡೆಯ ಕಡೆ ತಿರುಗಿದ. ಜಮೀನಿನ ಕೇಸಿನ ಮುದುಕ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅಳು ಬಿಕ್ಕಳಿಕೆಗೆ ಬಂತು, ಮತ್ತೆ ಮೊದಲಿಂದ ಶುರುವಾಯಿತು. ಜಡ್ಜು ಎರಡನೇ ಸಲವೂ ಪೂರ್ತಿ ಕೇಳಿದರು. ಕೇಳದೆ ಏನು ಮಾಡುತ್ತಾರೆ? ಅದನ್ನು ಅಲ್ಲಿಂದ ಎತ್ತುವ ಕೈ ಇದ್ದದ್ದು ನನ್ನದೊಂದೇ, ಮತ್ತು ನಾನು ಆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಸಂಜೆಯ ಒಳಗೆ ಆದೇಶ ಬಂತು. ಇಷ್ಟು ದಿನ ಆಗದೇ ಇದ್ದದ್ದು. ಬೆರಳು ಬಿಡಿಸುವ ಆಪರೇಷನ್ನು, ಆಮೇಲಿನ ಚಿಕಿತ್ಸೆ, ಎಲ್ಲವನ್ನೂ 'ಮಡಿಲು' ತಕ್ಷಣ ಮಾಡಿಸಬೇಕು. ಮಕ್ಕಳಿರುವ ಕೋಣೆಗೆ ಹೊರಗಡೆ ಚಿಲಕ ಇರಕೂಡದು. ಸಹಿ ಆದದ್ದನ್ನು ಹನುಮಕ್ಕ ಎತ್ತಿ ತೋರಿಸಿದ ಮೇಲೆ ನಾನು ಎದ್ದೆ. ಮೇಜಿನ ಹತ್ತಿರ ಹೋಗಿ ಅಳುವನ್ನು ಎತ್ತಿ ಎದೆಗೆ ಒತ್ತಿಕೊಂಡೆ. ತಟ್ಟಿದೆ. ಎಷ್ಟು ಸಲ ತಟ್ಟಿದೆನೋ. ಅದು ಯಾವಾಗಲೋ ನಿಂತಿತ್ತು, ನಾನು ತಟ್ಟುತ್ತಲೇ ಇದ್ದೆ. ಹನುಮಕ್ಕ ನನ್ನ ಕೈ ಹಿಡಿದು ಹೊರಗೆ ಕರೆತಂದರು.

ಮನೆಗೆ ಬಂದಾಗ ಜಾನು ಜಗುಲಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದಳು. ನನ್ನನ್ನು ನೋಡಿದಳು. ಬಾಯಿ ತೆರೆದಳು. ಸುಟ್ಟ ಕೈಯದು, ಒಡೆದ ಹಣೆಯದು, ಪಟ್ಟಿ ಬಿಚ್ಚಿದ ಅಷ್ಟೂ ದಿನಗಳದು, ಎಲ್ಲ ಒಟ್ಟಿಗೆ ಬಂತು. ಬೀದಿಯವರೆಲ್ಲ ಹೊರಗೆ ಬಂದರು. ಅತ್ತೆ ಮಂಡಿ ನೋವು ಮರೆತು ಓಡಿ ಬಂದು ಅವಳ ಎಡಗೈಯ ಗೆಜ್ಜೆ ಕಿತ್ತು ಬೀದಿಗೆ ಎಸೆದರು. ತಿಪ್ಪೇಶ ಟ್ಯಾಂಕರ್ ನಿಲ್ಲಿಸಿ ಬಂದವರು, ಹೊಸಿಲ ಮೇಲೆ ಕೂತುಬಿಟ್ಟರು. "ಅಳಲಿ ಬಿಡು, ಅಳಲಿ" ಎಂದರು.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಎರಡು ಬೆರಳು ಪೂರ್ತಿ ಬಿಟ್ಟವು. ಮೂರನೆಯದು ಅರ್ಧ ಮಡಚಿದ ಹಾಗೇ ಇದೆ. ಸ್ವಲ್ಪ ಮೊದಲೇ ಬಂದಿದ್ದರೆ ಅದೂ ಆಗುತ್ತಿತ್ತು ಎಂದರು ಅಲ್ಲಿನ ಡಾಕ್ಟರು. ಆ ಅರ್ಧ ಬೆರಳು ಜ್ವರದ್ದು, ರಜೆಯದು, ರಸ್ತೆಯ ಆಚೆಯ ವಿಳಾಸ ಸಿಗದ ನೋಟಿಸಿನದು. 'ಮಡಿಲು' ಈಗಲೂ ನಡೆಯುತ್ತಿದೆ. ಹಿಂದಿನ ಕೋಣೆಗೆ ಹೊಸ ಬಣ್ಣ ಹೊಡೆಸಿದ್ದಾರೆ, ಚಿಟ್ಟೆಗಳ ಜೊತೆಗೆ ಈಗ ನವಿಲೂ ಇದೆ. ಸಣ್ಣಮ್ಮನನ್ನು ಕೆಲಸದಿಂದ ತೆಗೆದರು. ಕಾನೂನು ಬದಲಾಗಲಿಲ್ಲ. ಬದಲಾದದ್ದು ಒಂದೇ, ಕೋರ್ಟಿನ ಬಾಗಿಲಲ್ಲಿ ದಪ್ಪ ಅಕ್ಷರದ ಬೋರ್ಡು ಬಂದಿದೆ: 'ಅಳುಗಳನ್ನು ಒಳಗೆ ತರಬಾರದು.' ಕಾವಲಿಗೆ ಒಬ್ಬ ಪೊಲೀಸ್.

ಇವತ್ತು ಬೆಳಿಗ್ಗೆ ನಾನು ಬಟ್ಟೆ ಹಿಂಡುತ್ತಿದ್ದಾಗ ಒಬ್ಬಳು ಹುಡುಗಿ ಬಂದಳು. ಕೆರೆ ಆಚೆಯವಳು, ಹೆಸರು ಮಂಗಳಗೌರಿ. ಅವಳ ಮಗ ಬೇರೊಂದು ಕೇಂದ್ರದಲ್ಲಿ ಉಯ್ಯಾಲೆ ಮುರಿದು ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಅಳು ಉಯ್ಯಾಲೆಯ ಕೆಳಗೇ ಇದೆ. ಅಲ್ಲೂ ಅವಳಿಗೆ ಕುರ್ಚಿ ಹಾಕಿದ್ದಾರಂತೆ. "ಅಕ್ಕಾ, ಕೈ ಹೇಗೆ ಹಿಡಿದ್ರಿ? ತೋರಿಸಿಕೊಡಿ" ಎಂದಳು.

"ಬೋರ್ಡು ಹಾಕಿದಾರಲ್ಲೇ."

"ನಂಗೆ ಓದೋಕೆ ಬರಲ್ಲ ಅಂತೀನಿ. ಪೊಲೀಸಪ್ಪ ಅದನ್ನ ಹಿಡಿದು ಹೊರಗೆ ಹಾಕಲಿ ನೋಡೋಣ."

ನಾನು ಒಂದು ಹಾಸಿಗೆ ಹೊದಿಕೆಯನ್ನು ಸುತ್ತಿ ಅವಳ ಕೈಗೆ ಕೊಟ್ಟೆ. ಮೊಣಕೈ ಮಡಚಬೇಡ. ಮುಖ ನೋಡಬೇಡ. ಎದೆಯಿಂದ ದೂರ, ಬಿಸಿ ಹಾಲಿನ ಪಾತ್ರೆ ಅಂದುಕೋ. ಎದೆಗೆ ತಾಗಿತು ಅಂದರೆ ಕೈ ನಿನ್ನ ಮಾತು ಕೇಳಲ್ಲ. ಅವಳು ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ನಡೆದಳು. ಬಟ್ಟೆಯ ಸುತ್ತು ಅಷ್ಟೇ ಅದು. ಆದರೂ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವಳ ಮೊಣಕೈ ಮಡಚಿತು, ಸುತ್ತು ಹೆಗಲಿಗೆ ಹೋಯಿತು, ಅಂಗೈ ಮೆತ್ತಗೆ ತಟ್ಟಲು ಶುರು ಮಾಡಿತು. ಅವಳಿಗೆ ಗೊತ್ತೇ ಆಗಲಿಲ್ಲ. ಜಾನು ನನ್ನ ಸೆರಗು ಹಿಡಿದುಕೊಂಡು, ಅವಳು ಪಾಪುವನ್ನು ತಟ್ಟುತ್ತಿರುವುದನ್ನು ನೋಡಿ ನಗುತ್ತಿದ್ದಳು.

"ತಟ್ಟಬೇಡ!" ಎಂದು ಗದರಿದೆ. ಮಗುವಿನ ತಾಯಿಗೆ ಈ ಮಾತು ಹೇಳುವ ಹಾಗೆ ನನ್ನನ್ನು ಮಾಡಿದರಲ್ಲ ಎಂದು ಮೈಯೆಲ್ಲ ಉರಿಯಿತು. ಅವಳ ಕೈಯಿಂದ ಸುತ್ತನ್ನು ಕಿತ್ತು, ಮತ್ತೆ ಬಿಗಿಯಾಗಿ ಸುತ್ತಿ, ಅವಳ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಮೇಲಿಟ್ಟೆ.

"ಮೊದಲಿಂದ ನಡಿ" ಎಂದೆ.